ಒಂದು ಸಾಲಿನ ಉತ್ತರದ ಆಚೆ

ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಎಫ್‌ಡಿಎ, ಪಿಡಿಒ ಎಂದು ಓದುತ್ತಿರುವವರಲ್ಲಿ ನಾನೂ ಒಬ್ಬ. ಬೆಳಿಗ್ಗೆ ಲೈಬ್ರರಿಯಲ್ಲಿ ಪೇಪರ್ ತಿರುವಿ, 'ಪ್ರಚಲಿತ ವಿದ್ಯಮಾನ'ದ ನೋಟ್‌ಬುಕ್ಕಿಗೆ ಒಂದೊಂದು ಸಾಲು ಇಳಿಸುವುದು ಮೂರು ವರ್ಷದ ರೂಢಿ. ಎಡಪುಟದಲ್ಲಿ ರಾಜಕೀಯ, ಬಲಪುಟದಲ್ಲಿ ಪ್ರಶಸ್ತಿ, ಸಿನಿಮಾ, ಪುಸ್ತಕ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಬಿ.ಎ. ಓದುವ ತಂಗಿ ಅದನ್ನು ತೆರೆದಳು. ಸದಾ ಬಿಟಿಎಸ್ ಹಾಡು ಕೇಳುತ್ತಾಳೆಂದು ನನ್ನಿಂದ ಬೈಸಿಕೊಳ್ಳುವವಳು. 'ಡಿಸೆಂಬರ್ 3, 2024: ದಕ್ಷಿಣ ಕೊರಿಯಾದಲ್ಲಿ ಅಧ್ಯಕ್ಷ ಯೂನ್ ಸುಕ್ ಯೋಲ್ ಸೇನಾಡಳಿತ ಘೋಷಣೆ, ಕೆಲವೇ ಗಂಟೆಗಳಲ್ಲಿ ವಾಪಸ್' ಎಂಬ ಸಾಲಿಗೆ ಬೆರಳಿಟ್ಟು, "ಅಣ್ಣಾ, ಲೈಟ್ ಸ್ಟಿಕ್ ಸುದ್ದಿನ ಇಲ್ಲಲ್ಲ?" ಎಂದಳು.

ಸಂಗೀತ ಕಾರ್ಯಕ್ರಮಗಳಲ್ಲಿ ಅಭಿಮಾನಿಗಳು ಬೀಸುವ ಬಣ್ಣದ ದೀಪಗಳನ್ನೇ ಹಿಡಿದು ಸೋಲ್‌ನ ಹುಡುಗಿಯರು ಸಂಸತ್ತಿನ ಮುಂದೆ ಕೊರೆವ ಚಳಿಯಲ್ಲಿ ನಿಂತಿದ್ದರಂತೆ. ಗರ್ಲ್ಸ್ ಜನರೇಷನ್ ತಂಡದ 2007ರ ಹಾಡು ಅವರ ಘೋಷಣೆಯಾಗಿತ್ತಂತೆ. ಅದೇ ವರ್ಷ ನೊಬೆಲ್ ಪಡೆದ ಹಾನ್ ಕಾಂಗ್ ಹೆಸರು ನನಗೆ ಬಾಯಿಪಾಠ. ಆಕೆ 1980ರ ಗ್ವಾಂಗ್‌ಜು ಹತ್ಯಾಕಾಂಡದ ಬಗ್ಗೆ ಕಾದಂಬರಿ ಬರೆದಿದ್ದಾರೆ, ಆಗಲೂ ಅಲ್ಲಿದ್ದದ್ದು ಸೇನಾಡಳಿತವೇ ಎಂಬುದು ಗೊತ್ತಿರಲಿಲ್ಲ. ನನ್ನ ಎರಡೂ ಪುಟಗಳು ಒಂದೇ ಕಥೆ ಹೇಳುತ್ತಿದ್ದವು!

ನೇಪಾಳದ ಪುಟ ಬಂತು. 2025ರ ಸೆಪ್ಟೆಂಬರ್‌ನಲ್ಲಿ ಸಾಮಾಜಿಕ ಜಾಲತಾಣಗಳ ನಿಷೇಧ, ಓಲಿ ರಾಜೀನಾಮೆ, ಸುಶೀಲಾ ಕರ್ಕಿ ಮಧ್ಯಂತರ ಪ್ರಧಾನಿ. ಫೋಟೊದಲ್ಲಿ ಹುಡುಗರು ಹಿಡಿದಿದ್ದ, ಹುಲ್ಲಿನ ಟೋಪಿಯ ತಲೆಬುರುಡೆಯ ಬಾವುಟ ಯಾವ ಪಕ್ಷದ್ದೆಂದು ನಾನು ತಲೆ ಕೆಡಿಸಿಕೊಂಡಿದ್ದೆ. ಅದು 'ಒನ್ ಪೀಸ್' ಎಂಬ ಜಪಾನಿ ಚಿತ್ರಕಥೆಯ ಕಡಲ್ಗಳ್ಳರದ್ದು! ತಂಗಿ ನಕ್ಕಳು. ಆದರೆ ಆ ಗಲಭೆಯಲ್ಲಿ 70ಕ್ಕೂ ಹೆಚ್ಚು ಜನ ಸತ್ತರೆಂಬ ಸಾಲು ಓದಿ ಇಬ್ಬರೂ ಸುಮ್ಮನಾದೆವು.

ನನ್ನನ್ನು ಹೆಚ್ಚು ಕಾಡಿದ್ದು ಬಾಂಗ್ಲಾದೇಶ. 'ಆಗಸ್ಟ್ 5, 2024: ಶೇಖ್ ಹಸೀನಾ ಪಲಾಯನ' ಎಂದಷ್ಟೇ ಬರೆದಿದ್ದೆ. ಅದು ಶುರುವಾದದ್ದು ಸರ್ಕಾರಿ ನೌಕರಿಯ ಮೀಸಲಾತಿಯಿಂದ. ಸ್ವಾತಂತ್ರ್ಯ ಹೋರಾಟಗಾರರ ಕುಟುಂಬಗಳಿಗಿದ್ದ ಶೇ 30ರ ಕೋಟಾ ವಿರುದ್ಧ ವಿದ್ಯಾರ್ಥಿಗಳು ಬೀದಿಗಿಳಿದಿದ್ದರು. ಅಲ್ಲೂ ನನ್ನಂತೆಯೇ ಲೈಬ್ರರಿಯಲ್ಲಿ ಜಾಗ ಹಿಡಿದು ಕೂತವರು. ಅವರ ಸಿಟ್ಟು ನನಗೆ ಅಪರಿಚಿತವೇನಲ್ಲ. ಆದರೂ ಒಂದು ಅಂಕದ ಪ್ರಶ್ನೆಯಾಗಿ ಬರೆದುಕೊಂಡು ಪುಟ ತಿರುವಿದ್ದೆ.

ಕೊನೆಗೆ ಬಾನು ಮುಷ್ತಾಕ್, ದೀಪಾ ಭಾಸ್ತಿ, 'ಹಾರ್ಟ್ ಲ್ಯಾಂಪ್', ಅಂತರರಾಷ್ಟ್ರೀಯ ಬೂಕರ್, ಮೇ 2025. ಪಟಪಟನೆ ಹೇಳಿದೆ. "ಅವರ ಕಥಿ ಓದೀಯೇನು?" ಎಂದಳು. ನಮ್ಮದೇ ಭಾಷೆಯ ಕಥೆಗಳು. ಒಂದೂ ಓದಿರಲಿಲ್ಲ.

ಕಳೆದ ಪರೀಕ್ಷೆಯಲ್ಲಿ ಮೂರು ಅಂಕದಿಂದ ತಪ್ಪಿಸಿಕೊಂಡವನು ನಾನು. ಒಂದು ಸಾಲಿನ ಉತ್ತರ ಬೇಡ ಎನ್ನುವ ಧೈರ್ಯ ನನಗಿಲ್ಲ, ಮನೆಯಲ್ಲಿ ಕಾಯುತ್ತಿದ್ದಾರೆ. ಆದರೆ ಈಗ ಪ್ರತಿ ಸಾಲಿನ ಕೆಳಗೆ ನಾಲ್ಕು ಗೆರೆ ಖಾಲಿ ಬಿಡುತ್ತೇನೆ. ಭಾನುವಾರ ತಂಗಿಗೆ ಫೋನ್ ಮಾಡಿ ತುಂಬಿಸಿಕೊಳ್ಳುತ್ತೇನೆ. ಲೈಬ್ರರಿಯಿಂದ ತಂದ ಬಾನು ಅವರ ಪುಸ್ತಕ ದಿಂಬಿನ ಪಕ್ಕದಲ್ಲಿದೆ, ಎರಡು ಕಥೆ ಮುಗಿದಿವೆ.