ಜೀನ್ಸ್ ಬಟ್ಟೆಗೆ ನೀಲಿ ಕೊಡುವ ಬ್ಯಾಕ್ಟೀರಿಯ

ವಿದ್ಯಾರ್ಥಿಗಳೇ, ಒಂದು ಹಳೆಯ ಜೀನ್ಸ್ ಪ್ಯಾಂಟಿನ ಅಂಚಿನಿಂದ ನೀಲಿ ಎಳೆಯೊಂದನ್ನು ಬಿಡಿಸಿಕೊಳ್ಳಿ. ಅದರ ಹುರಿ ಬಿಚ್ಚಿ ನೋಡಿ. ಹೊರಗೆ ನೀಲಿ, ಒಳಗೆ ಬಿಳಿ! ಬಣ್ಣ ನೂಲಿನ ಮೈಗೆ ಅಂಟಿದೆಯೇ ಹೊರತು ಒಳಕ್ಕೆ ಇಳಿದಿಲ್ಲ. ಒಗೆದಂತೆಲ್ಲ ಜೀನ್ಸ್ ಮಾಸುವುದು ಇದರಿಂದಲೇ. ಈ ಬಣ್ಣದ ಹೆಸರು ಇಂಡಿಗೊ. ನಮ್ಮ ಹಿರಿಯರ ಮಾತಿನಲ್ಲಿ ಬರಿಯ ‘ನೀಲಿ’.

ಗಿಡದಿಂದ ಕಾರ್ಖಾನೆಗೆ

ಒಂದು ಕಾಲಕ್ಕೆ ನೀಲಿ ಗಿಡದ ಎಲೆಗಳನ್ನು ತೊಟ್ಟಿಯಲ್ಲಿ ಕೊಳೆಹಾಕಿ ಈ ಬಣ್ಣ ತೆಗೆಯುತ್ತಿದ್ದರು. ಎಲೆಯಲ್ಲಿರುವುದು ಇಂಡಿಕ್ಯಾನ್ ಎಂಬ ಬಣ್ಣವಿಲ್ಲದ ವಸ್ತು. ಇದು ಇಂಡಾಕ್ಸಿಲ್ ಎಂಬ ಅಣುವಿಗೆ ಸಕ್ಕರೆಯ ಅಣು ಅಂಟಿಕೊಂಡು ಆದದ್ದು. ಕೊಳೆತಾಗ ಸಕ್ಕರೆ ಕಳಚುತ್ತದೆ. ಉಳಿದ ಇಂಡಾಕ್ಸಿಲ್ ಗಾಳಿಯ ಆಮ್ಲಜನಕದೊಡನೆ ಸೇರಿ ನೀಲಿಯಾಗುತ್ತದೆ.

1897ರಲ್ಲಿ ಜರ್ಮನಿಯ ಬಿಎಎಸ್ಎಫ್ ಕಂಪನಿ ಕೃತಕ ಇಂಡಿಗೊವನ್ನು ಮಾರುಕಟ್ಟೆಗೆ ತಂದಿತು. ಅದರ ಮುಂದೆ ನೀಲಿ ಬೇಸಾಯ ನಿಲ್ಲಲಿಲ್ಲ. ಆದರೆ ಕೃತಕ ಬಣ್ಣದ ತಯಾರಿಕೆಗೆ ಅನಿಲೀನ್, ಫಾರ್ಮಾಲ್ಡಿಹೈಡ್, ಸಯನೈಡ್‌ನಂಥ ವಿಷವಸ್ತುಗಳು ಬೇಕು. ಇನ್ನೊಂದು ತೊಡಕೂ ಇದೆ. ಇಂಡಿಗೊ ನೀರಿನಲ್ಲಿ ಕರಗುವುದಿಲ್ಲ. ಕರಗಿಸಲು ಸೋಡಿಯಂ ಡೈಥಯೋನೈಟ್ ಎಂಬ ರಾಸಾಯನಿಕ ಹಾಕಬೇಕು. ಅದರ ಶೇಷ ಬಣ್ಣದ ಮನೆಯ ನೀರಿನೊಡನೆ ಹೊರಗೆ ಹರಿಯುತ್ತದೆ.

ಆಕಸ್ಮಿಕವಾಗಿ ಕಂಡ ನೀಲಿ

ಇಲ್ಲಿ ಬ್ಯಾಕ್ಟೀರಿಯ ಪ್ರವೇಶಿಸುತ್ತದೆ. ಯಾವ ಜೀವಕೋಶವೇ ಆಗಲಿ, ತನ್ನ ಡಿಎನ್ಎಯಲ್ಲಿ ಬರೆದಿರುವ ಸೂಚನೆಗಳಂತೆ ಕಿಣ್ವಗಳನ್ನು ತಯಾರಿಸುತ್ತದೆ. ಒಂದೊಂದು ಕಿಣ್ವ ಒಂದೊಂದು ಕೆಲಸ ಮಾಡುವ ಕುಶಲಕರ್ಮಿಯಂತೆ. ಒಂದು ಜೀವಿಯ ಸೂಚನೆಯನ್ನು, ಎಂದರೆ ಜೀನನ್ನು, ಕತ್ತರಿಸಿ ಇನ್ನೊಂದು ಜೀವಿಯಲ್ಲಿ ಸೇರಿಸಿದರೆ ಆ ಜೀವಿಯೂ ಹೊಸ ಕೆಲಸ ಕಲಿಯುತ್ತದೆ. ಇದೇ ತಳಿ ಎಂಜಿನಿಯರಿಂಗ್.

1983ರಲ್ಲಿ ಅಮೆರಿಕದ ಆಮ್ಜೆನ್ ಕಂಪನಿಯ ಬರ್ಟ್ ಎನ್ಸ್ಲಿ ಮತ್ತು ಸಂಗಡಿಗರು ಒಂದು ಸ್ವಾರಸ್ಯದ ಸಂಗತಿ ಪ್ರಕಟಿಸಿದರು. ನುಸಿಗುಳಿಗೆಯ ವಸ್ತುವಾದ ನ್ಯಾಫ್ತಲೀನನ್ನು ತಿನ್ನಬಲ್ಲ ಸ್ಯೂಡೊಮೊನಾಸ್ ಬ್ಯಾಕ್ಟೀರಿಯದ ಜೀನುಗಳನ್ನು ಅವರು ಇ. ಕೋಲೈ ಎಂಬ ಬ್ಯಾಕ್ಟೀರಿಯಕ್ಕೆ ಸೇರಿಸಿದ್ದರು. ಇ. ಕೋಲೈ ಬೆಳೆದ ದ್ರಾವಣ ನೀಲಿಗಟ್ಟಿತು! ಈ ಬ್ಯಾಕ್ಟೀರಿಯ ಸಹಜವಾಗಿಯೇ ಇಂಡೋಲ್ ಎಂಬ ವಸ್ತು ತಯಾರಿಸುತ್ತದೆ. ಹೊಸದಾಗಿ ಬಂದ ಕಿಣ್ವ ಅದಕ್ಕೆ ಆಮ್ಲಜನಕ ಸೇರಿಸಿತು. ಮುಂದಿನದನ್ನು ಗಾಳಿ ಮಾಡಿ ಮುಗಿಸಿತು.

ಕಲಿಸಿದರಷ್ಟೇ ಸಾಲದು

ಹಾಗಾದರೆ ನಾವು ತೊಡುವ ಜೀನ್ಸಿಗೆಲ್ಲ ಬ್ಯಾಕ್ಟೀರಿಯದ ಬಣ್ಣವೇ ಏಕೆ ಬರಲಿಲ್ಲ? ಜೆನೆನ್‌ಕೋರ್ ಕಂಪನಿ 1990ರ ದಶಕದಲ್ಲಿ ಯತ್ನಿಸಿತು. ನೀಲಿಯೊಡನೆ ಕೆಂಪು ಛಾಯೆಯ ಇಂಡಿರೂಬಿನ್ ಬೆರೆಯುತ್ತಿತ್ತು. ಅದನ್ನು ತಡೆಯಲು ಇನ್ನೊಂದು ಕಿಣ್ವವನ್ನು ಸೇರಿಸಬೇಕಾಯಿತು. ಅಷ್ಟಾದರೂ ಅಗ್ಗದ ಕೃತಕ ಇಂಡಿಗೊವನ್ನು ಸೋಲಿಸಲಾಗಲಿಲ್ಲ.

2018ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಜಾನ್ ಡ್ಯೂಬರ್ ತಂಡ ಗಿಡದ ಜಾಣತನವನ್ನೇ ಎರವಲು ಪಡೆಯಿತು. ನೀಲಿ ಕೊಡುವ ಒಂದು ಗಿಡದ ಜೀನನ್ನು ಇ. ಕೋಲೈಗೆ ಸೇರಿಸಿದಾಗ, ಅದು ಇಂಡಾಕ್ಸಿಲ್‌ಗೆ ಸಕ್ಕರೆ ಅಂಟಿಸಿ ನೀರಿನಲ್ಲಿ ಕರಗುವ ಇಂಡಿಕ್ಯಾನನ್ನು ಕೊಟ್ಟಿತು. ಬಟ್ಟೆ ಅದನ್ನು ಹೀರಿದ ಮೇಲೆ ಕಿಣ್ವವೊಂದು ಸಕ್ಕರೆಯನ್ನು ಕಳಚುತ್ತದೆ; ಬಟ್ಟೆಯ ಮೇಲೆಯೇ ನೀಲಿ ಮೂಡುತ್ತದೆ. ಡೈಥಯೋನೈಟ್ ಬೇಡವೇ ಬೇಡ. ಇಲ್ಲಿಯೂ ಉಳಿದಿರುವ ದೊಡ್ಡ ಪ್ರಶ್ನೆ ಖರ್ಚಿನದು.

ಗೆದ್ದ ಉದಾಹರಣೆಗಳೂ ಇವೆ. 1982ರಲ್ಲಿ ಇ. ಕೋಲೈ ತಯಾರಿಸಿದ ಮಾನವ ಇನ್ಸುಲಿನ್‌ಗೆ ಅಮೆರಿಕದಲ್ಲಿ ಮಂಜೂರಾತಿ ದೊರೆಯಿತು. 2006ರಲ್ಲಿ ಅಲ್ಲಿನ ಟೆನೆಸಿ ರಾಜ್ಯದಲ್ಲಿ, ಮೆಕ್ಕೆಜೋಳದ ಸಕ್ಕರೆಯಿಂದ ಕೃತಕ ನೂಲಿನ ಕಚ್ಚಾವಸ್ತುವನ್ನು ಬ್ಯಾಕ್ಟೀರಿಯದ ಮೂಲಕ ತಯಾರಿಸುವ ಕಾರ್ಖಾನೆ ಆರಂಭವಾಯಿತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಮಾರುಕಟ್ಟೆಗೆ ತಂದ ಇನ್ಸುಲಿನ್ ಇದೇ ತತ್ತ್ವದ್ದು. ಅಲ್ಲಿ ದುಡಿದದ್ದು ಬ್ಯಾಕ್ಟೀರಿಯವಲ್ಲ, ಯೀಸ್ಟ್.

ನಮಗೇಕೆ ಈ ಮಾತು?

ಜೀನ್ಸ್ ಹೊಲಿಗೆಗೆ ಹೆಸರಾದ ಬಳ್ಳಾರಿಯಲ್ಲಿ ತೊಳೆಯುವ ಘಟಕಗಳ ಕೊಳಕು ನೀರು ಹಳೆಯ ತಲೆನೋವು. ರಂಗಂಪೇಟೆಯ ಹುಡುಗರಿಗೆ ಇನ್ನೂ ಹತ್ತಿರದ ಉದಾಹರಣೆ ಯಾದಗಿರಿ ಜಿಲ್ಲೆಯದೇ ಆದ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶ. ರಾಸಾಯನಿಕ ಘಟಕಗಳ ದುರ್ವಾಸನೆಯ ಬಗ್ಗೆ ಸುತ್ತಲ ಹಳ್ಳಿಗಳವರು ದೂರಿದ್ದಾರೆ. ಕೆಲಸವೂ ಬೇಕು, ಕುಡಿಯುವ ನೀರೂ ಕೆಡಬಾರದು. ಈ ಎರಡನ್ನೂ ಹೊಂದಿಸುವ ದಾರಿಗಳಲ್ಲಿ ಬ್ಯಾಕ್ಟೀರಿಯವೂ ಒಂದಾಗಬಹುದು.

ಆದರೆ ಬ್ಯಾಕ್ಟೀರಿಯಕ್ಕೂ ಊಟ ಬೇಕು. ಅದರ ಊಟ ಸಕ್ಕರೆ. ಸಕ್ಕರೆಗೆ ಕಬ್ಬು ಅಥವಾ ಮೆಕ್ಕೆಜೋಳ, ಅದಕ್ಕೆ ಹೊಲ ಮತ್ತು ಕಾಲುವೆಯ ನೀರು. ಮಾರ್ಪಡಿಸಿದ ಜೀವಿ ತೊಟ್ಟಿಯಿಂದ ಹೊರಬೀಳದಂತೆಯೂ ಎಚ್ಚರ ಬೇಕು. ನಮ್ಮ ದೇಶದಲ್ಲಿ ಇದಕ್ಕಾಗಿ 1989ರಲ್ಲೇ ನಿಯಮಗಳಾಗಿವೆ. ಆದ್ದರಿಂದ ‘ಜೈವಿಕ’ ಎಂಬ ಹೆಸರು ಕಂಡೊಡನೆ ಒಪ್ಪಬೇಡಿ. ಏನು ಉಳಿಯಿತು, ಏನು ಖರ್ಚಾಯಿತು ಎಂದು ಲೆಕ್ಕ ಕೇಳಿ.

ತರಗತಿಯಲ್ಲಿ ಚರ್ಚಿಸಿ: ನಿಮ್ಮ ಊರಿನ ಬಳಿ ಬಣ್ಣದ ಕಾರ್ಖಾನೆಯೊಂದು ಬರುವುದಾದರೆ, ಅದರವರಿಗೆ ನೀವು ಕೇಳುವ ಮೊದಲ ಮೂರು ಪ್ರಶ್ನೆಗಳು ಯಾವುವು?