ಕೋಟೆಗೋಡೆ ಬಿಟ್ಟು ಊರೊಳಗ್ಯಾಕ ನಿಂತೈತಿ ಉಪಲಿ ಬುರುಜ್?

ವಿಜಯಪುರ: ಗೋಳಗುಮ್ಮಟ, ಇಬ್ರಾಹಿಂ ರೋಜಾ ನೋಡಿ ವಾಪಸ್ ಹೋಗುವ ಪ್ರವಾಸಿಗರು ಬಹಳಷ್ಟು ಸಲ ಉಪಲಿ ಬುರುಜ್ ಕಡೆ ತಿರುಗಿಯೂ ನೋಡುವುದಿಲ್ಲ. ನಮ್ಮೂರಿನವರಿಗೂ ಅದು ದಿನಾ ಕಣ್ಣಿಗೆ ಬೀಳುವ ಕಲ್ಲಿನ ಗೋಪುರ, ಅಷ್ಟೇ. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಬುರುಜ್ ಅಂದರೆ ಕೋಟೆಗೋಡೆಗೆ ಅಂಟಿಕೊಂಡು ಇರಬೇಕು. ಇದೊಂದೇ ಯಾಕೆ ಗೋಡೆ ಬಿಟ್ಟು ಒಳಗೆ ಒಂಟಿಯಾಗಿ ನಿಂತಿದೆ?

ಜನ ಹೇಳುವ ಕಥೆ ಹೀಗಿದೆ. ಒಂದನೇ ಅಲಿ ಆದಿಲ್ ಶಾಹ ಊರಿನ ಸುತ್ತ ಸುಮಾರು 10 ಕಿ.ಮೀ. ಕೋಟೆ ಕಟ್ಟಿಸುವಾಗ ಒಬ್ಬೊಬ್ಬ ಸರದಾರನಿಗೆ ಒಂದೊಂದು ಭಾಗ ಹಂಚಿಕೊಟ್ಟನಂತೆ. ಸರದಾರ ಹೈದರ್ ಖಾನ್ ಆಗ ದಂಡಯಾತ್ರೆಯಲ್ಲಿದ್ದ. ತಿರುಗಿ ಬಂದು ನೋಡಿದರೆ ತನ್ನ ಹೆಸರಿಗೆ ಒಂದು ಬುರುಜೂ ಇಲ್ಲ! ಬೇಸರಪಟ್ಟವನಿಗೆ ಸುಲ್ತಾನ, 'ಎಲ್ಲಕ್ಕಿಂತ ಎತ್ತರದ್ದು ನೀನೇ ಕಟ್ಟು' ಅಂದನಂತೆ. ಅದಕ್ಕೇ ಇದಕ್ಕೆ ಹೈದರ್ ಬುರುಜ್ ಅಂತಲೂ ಹೆಸರು. ಉಪಲಿ, ಉಪರಿ ಅಂದರೆ ಮೇಲಿನದು ಅಂತ ಅರ್ಥ.

ಕಥೆ ಚೆನ್ನಾಗಿದೆ, ಆದರೆ ಇಸವಿ ಸ್ವಲ್ಪ ತಕರಾರು ಮಾಡುತ್ತದೆ. ಗೋಡೆಯಲ್ಲಿರುವ ಪಾರ್ಸಿ ಶಾಸನದ ಪ್ರಕಾರ ಬುರುಜ್ ಕಟ್ಟಿದ್ದು 1583-84ರ ಸುಮಾರಿಗೆ. ಅಲಿ ಆದಿಲ್ ಶಾಹ 1580ರಲ್ಲೇ ತೀರಿಕೊಂಡಿದ್ದ. ಆಗ ಗಾದಿಯಲ್ಲಿದ್ದವನು ಇನ್ನೂ ಬಾಲಕನಾಗಿದ್ದ ಎರಡನೇ ಇಬ್ರಾಹಿಂ. ಅಪ್ಪಣೆ ಮೊದಲೇ ಸಿಕ್ಕಿದ್ದರೂ ಕೆಲಸ ಮುಗಿದದ್ದು ಇಬ್ರಾಹಿಂನ ಕಾಲದಲ್ಲಿ ಅನ್ನಬೇಕು.

ಒಳಗೆ ಕಟ್ಟಿದ್ದಕ್ಕೆ ಯುದ್ಧದ ಲೆಕ್ಕವೂ ಹೊಂದುತ್ತದೆ. ಬುರುಜಿನ ಎತ್ತರ ಸುಮಾರು 80 ಅಡಿ. ಇಷ್ಟು ಎತ್ತರದಲ್ಲಿ ನಿಂತವನಿಗೆ ತಮ್ಮದೇ ಕೋಟೆಗೋಡೆ ಅಡ್ಡ ಬರುವುದಿಲ್ಲ. ಬಯಲಿನಲ್ಲಿ ದೂರದ ಧೂಳು ಎದ್ದರೂ ಕಾಣುತ್ತದೆ. ಗೋಡೆಯ ತಲೆ ಮೇಲಿಂದಲೇ ತೋಪು ಹಾರಿಸಬಹುದು. ದುಂಡಗಿನ ಗೋಡೆಗೆ ಮೂಲೆಗಳೇ ಇಲ್ಲ, ಹಾಗಾಗಿ ಗುಂಡಿನ ಏಟಿಗೆ ಒಡೆಯುವ ಅಂಚೂ ಇಲ್ಲ. ಮೆಟ್ಟಿಲುಗಳು ಹೊರಮೈಯನ್ನೇ ಸುತ್ತಿಕೊಂಡು ಏರುತ್ತವೆ. ಮೇಲೆ ನೀರಿನ ತೊಟ್ಟಿ, ಮದ್ದು ಇಡುವ ಜಾಗ ಕೂಡ ಇತ್ತು.

ಮೇಲಿರುವ ಎರಡು ತೋಪುಗಳಲ್ಲಿ ದೊಡ್ಡದು ಸುಮಾರು 30 ಅಡಿ ಉದ್ದ, ಇನ್ನೊಂದು ಸುಮಾರು 20 ಅಡಿ. ಮಲಿಕ್-ಎ-ಮೈದಾನ್ ತೋಪು ಲೋಹ ಕರಗಿಸಿ ಎರಕ ಹೊಯ್ದದ್ದು. ಇವು ಹಾಗಲ್ಲ. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಮೇಲೆ ಬಳೆ ತೊಡಿಸಿದಂತೆ ಕಬ್ಬಿಣದ ಉಂಗುರ ಬಿಗಿದು ಮಾಡಿದವು. ಅಂದರೆ ಕಮ್ಮಾರರ ಸುತ್ತಿಗೆ ಕೆಲಸ.

ಇಷ್ಟೆಲ್ಲ ಇದ್ದೂ ಊರು ಉಳಿಯಲಿಲ್ಲ. 1685ರಲ್ಲಿ ಮೊಗಲರು ಮುತ್ತಿಗೆ ಹಾಕಿದರು. ಒಂದು ವರ್ಷ ದಾಟಿದರೂ ಬಿಡಲಿಲ್ಲ, ಒಳಗೆ ಕಾಳು-ಕಡ್ಡಿ ಖಾಲಿ. 1686ರ ಸೆಪ್ಟೆಂಬರ್‌ನಲ್ಲಿ ಸಿಕಂದರ್ ಆದಿಲ್ ಶಾಹ ಔರಂಗಜೇಬನಿಗೆ ಶರಣಾದ. ಬುರುಜ್ ವೈರಿಯನ್ನು ತೋರಿಸಬಲ್ಲದು, ಹಸಿದ ಊರಿಗೆ ರೊಟ್ಟಿ ಕೊಡಲಾರದು.

ಈಗ ಮೇಲೇರಿದರೆ ಗೋಳಗುಮ್ಮಟ ಕಾಣುತ್ತದೆ. ಹೈದರ್ ಖಾನ್ ನಿಂತಾಗ ಅದು ಇರಲೇ ಇಲ್ಲ. ಗುಮ್ಮಟದ ಕೆಲಸ ನಡೆದದ್ದು 17ನೇ ಶತಮಾನದಲ್ಲಿ. ಹತ್ತುವವರು ಹುಷಾರಾಗಿ ಹತ್ತಿ, ಮಕ್ಕಳ ಕೈ ಹಿಡಿದುಕೊಳ್ಳಿ. ಇನ್ನೊಂದು ಮಾತು: ಗೋಡೆ ಮೇಲೆ ಹೆಸರು ಕೆತ್ತುವುದು ತಮಾಷೆಯಲ್ಲ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಕಾನೂನಿನಲ್ಲಿ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಬುರುಜ್ ಕಟ್ಟಿಸಿದವನ ಹೆಸರು ನಮಗೆ ಗೊತ್ತಿರುವುದೇ ಆ ಗೋಡೆಯ ಒಂದು ಕಲ್ಲಿನಿಂದ. ಅದರ ಪಕ್ಕದಲ್ಲಿ ನಮ್ಮ ಹೆಸರು ಗೀಚುವ ಅಗತ್ಯವಿಲ್ಲ.