ಮೈಸೂರು ಸಾಂಪ್ರದಾಯಿಕ ಚಿತ್ರಗಳ ಗುಣಮಟ್ಟ ನಿರ್ಣಯ

ಮೈಸೂರು ಸಾಂಪ್ರದಾಯಿಕ ಚಿತ್ರಕಲೆಯು ಮುಮ್ಮಡಿ ಕೃಷ್ಣರಾಜ ಒಡೆಯರ (೧೭೯೪–೧೮೬೮) ಆಶ್ರಯದಲ್ಲಿ ಪ್ರವರ್ಧಮಾನಕ್ಕೆ ಬಂದ ಶೈಲಿಯಾಗಿದೆ. ಹಳೆಯ ಕೃತಿಗಳಲ್ಲಿ ಸಾಮಾನ್ಯವಾಗಿ ಕಲಾವಿದರ ಸಹಿ ಇರುವುದಿಲ್ಲ. ಆದ್ದರಿಂದ ಸಂಗ್ರಾಹಕರು ಕೆಲಸವನ್ನೇ ನೋಡಿ ಗುಣಮಟ್ಟವನ್ನು ನಿರ್ಣಯಿಸಬೇಕಾಗುತ್ತದೆ.

ಮೊದಲು ಪರಿಶೀಲಿಸುವುದು ಗೆಸ್ಸೋ ಕೆಲಸವನ್ನು. ಬಿಳಿ ವರ್ಣದ ಪುಡಿ, ಹಳದಿ ರಾಳ ಹಾಗೂ ಗೋಂದು ಬೆರೆಸಿದ ಲೇಪದಿಂದ ಆಭರಣ, ಸೆರಗು ಮತ್ತು ಮಂಟಪಗಳನ್ನು ತೆಳುವಾಗಿ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕನ್ನು ಅಂಟಿಸಲಾಗುತ್ತದೆ. ತಂಜಾವೂರು ಚಿತ್ರಗಳಲ್ಲಿ ಉಬ್ಬು ದಪ್ಪವಾಗಿದ್ದು, ಗಾಜಿನ ಹರಳುಗಳೂ ಇರುತ್ತವೆ. ಮೈಸೂರು ಶೈಲಿಯಲ್ಲಿ ಉಬ್ಬು ಸೂಕ್ಷ್ಮವಾದಷ್ಟೂ ಕೈಚಳಕ ಹೆಚ್ಚೆಂದು ಪರಿಗಣಿಸಲಾಗುತ್ತದೆ.

ಎರಡನೆಯದು ಚಿನ್ನ. ಶುದ್ಧ ಚಿನ್ನದ ರೇಕು ಮಾಸುವುದಿಲ್ಲ. ಹಿತ್ತಾಳೆಯ ಅನುಕರಣ ರೇಕು ಕಾಲಕ್ರಮೇಣ ಕಪ್ಪಾಗುತ್ತದೆ. ಹೊಸ ಚಿತ್ರದಲ್ಲಿ ಈ ವ್ಯತ್ಯಾಸ ಸುಲಭವಾಗಿ ಕಾಣದಿರುವುದರಿಂದ ಕೊಳ್ಳುವವರು ಮೋಸಹೋಗುವ ಸಾಧ್ಯತೆಯಿದೆ.

ಮೂರನೆಯದು ರೇಖೆ ಮತ್ತು ಲಕ್ಷಣ. ಮುಖ, ಕಣ್ಣು ಹಾಗೂ ಬೆರಳುಗಳ ರೇಖೆ ಸ್ಥಿರವಾಗಿರಬೇಕು. ದೇವತೆಗಳ ಆಯುಧ, ಮುದ್ರೆ ಹಾಗೂ ವಾಹನಗಳು ಮುಮ್ಮಡಿಯವರ ಕಾಲದ ‘ಶ್ರೀತತ್ತ್ವನಿಧಿ’ಯಂತಹ ಗ್ರಂಥಗಳ ವಿವರಣೆಗೆ ಹೊಂದಬೇಕು. ಹೋಲಿಕೆಗೆ ಜಗನ್ಮೋಹನ ಅರಮನೆಯ ಕಲಾಸಂಗ್ರಹ ನೆರವಾಗುತ್ತದೆ.

ಈ ಚಿತ್ರಕಲೆಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಅದು ಹೆಸರನ್ನು ರಕ್ಷಿಸುತ್ತದೆಯಾದರೂ ಪ್ರತಿಯೊಂದು ಕೃತಿಯ ಕುಶಲತೆಯನ್ನು ನೋಡಿಯೇ ಅಳೆಯಬೇಕಾಗುತ್ತದೆ.